ಹಿತ್ತಿಲಿನ ಕಾಕಿ ಹಣ್ಣು ಮೊದಲು ಕೀಳಿಸಿ

ಅಕ್ಕಾ, ಜಪಾನಿನ ಅಕಿತಾ ಪ್ರಾಂತ್ಯದ ಕಾಜುನೋಗೆ ಹೊಸದಾಗಿ ಬಂದಿದ್ದೀರಿ, ಪಕ್ಕದ ಬೀದಿಯಲ್ಲಿ ಕರಡಿ ಕಂಡಿದೆ, ಹಿತ್ತಿಲಲ್ಲಿ ಕಾಕಿ (ಪರ್ಸಿಮನ್) ಹಣ್ಣಿನ ಮರ ಇದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೇಲಿನ ಉತ್ತರದಲ್ಲಿ ಒಬ್ಬರು, ಸದ್ದು ಕೇಳಿ ಕರಡಿ ದೂರ ಹೋಗಲಿ ಅಂತ ಗಂಟೆ ಕಟ್ಟಿಕೊಂಡರೆ ಸಾಕು ಅಂದಿದ್ದಾರೆ. ಗಂಟೆ ಬೇಕು, ಆದರೆ ಅದು ಕಾಡಿನ ದಾರಿಗೆ. ಮನೆ ಹತ್ತಿರ ಕರಡಿ ಬರುವುದು ಹೊಟ್ಟೆಪಾಡಿಗೆ. ಹಾಗಾಗಿ ಈ ವಾರವೇ ಹಣ್ಣು ಕೀಳಿಸಿ.

ಅಕಿತಾ ಬೆಟ್ಟಗಳಲ್ಲಿ ಕರಡಿಗೆ ಮುಖ್ಯ ಆಹಾರ ಬೀಚ್ ಎಂಬ ಕಾಡು ಮರದ ಕಾಯಿ. ಅದು ಕೈಕೊಟ್ಟ ವರ್ಷ ಅವು ಊರಿಗೆ ಇಳಿಯುತ್ತವೆ. 2023ರಲ್ಲಿ ಹಾಗಾಯಿತು, 2025ರಲ್ಲಿ ಇನ್ನೂ ಜಾಸ್ತಿ. ಆ ನವೆಂಬರ್‌ನಲ್ಲಿ ಬೋನು ಸಾಗಿಸಲು ನಿಮ್ಮ ಕಾಜುನೋಗೇ ಸೈನಿಕರು ಬಂದಿದ್ದರು. ಒಮ್ಮೆ ಹಣ್ಣಿನ ರುಚಿ ಹತ್ತಿದ ಕರಡಿ ಅದೇ ಮರಕ್ಕೆ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಅದನ್ನು ಕೊಲ್ಲುತ್ತಾರೆ. ನನಗೆ ಅದೂ ಸಂಕಟವೇ.

ತುದಿಯ ಹಣ್ಣನ್ನೂ ಬಿಡಬೇಡಿ, ಕೆಳಗೆ ಬಿದ್ದದ್ದನ್ನು ಆರಿಸಿ. ತಿನ್ನುವವರಿಲ್ಲದಿದ್ದರೆ ಮರವನ್ನೇ ಕಡಿಸುವುದು ಒಳ್ಳೆಯದು. ತರಕಾರಿ ಸಿಪ್ಪೆಯ ಗೊಬ್ಬರದ ಡಬ್ಬ, ಅಕ್ಕಿ ತೌಡು, ನಾಯಿಯ ಊಟ ಯಾವುದೂ ಹೊರಗೆ ಬೇಡ. ಕಸದ ಚೀಲವನ್ನು ರಾತ್ರಿಯೇ ಇಡಬೇಡಿ, ಗಾಡಿ ಬರುವ ದಿನ ಬೆಳಿಗ್ಗೆ ಇಡಿ. ಶೆಡ್ಡಿನ ಬಾಗಿಲಿಗೆ ಚಿಲಕ ಹಾಕಿ.

ಮೆಕ್ಕೆಜೋಳ ಬೆಳೆಯುವುದಾದರೆ ಕರೆಂಟ್ ಬೇಲಿ ಹಾಕಿಸಿ. ತಂತಿ ನೆಲದಿಂದ 20, 40, 60 ಸೆಂಟಿಮೀಟರ್ ಎತ್ತರದಲ್ಲಿ ಇರಲಿ. ಕರಡಿ ಹಾರುವುದಕ್ಕಿಂತ ಕೆಳಗೆ ನುಸುಳುವುದೇ ಹೆಚ್ಚು. ಹುಲ್ಲು ತಂತಿಗೆ ತಾಗಿದರೆ ಕರೆಂಟ್ ಸೋರಿಹೋಗುತ್ತದೆ, ಅದನ್ನು ಕೊಯ್ಯುತ್ತಲೇ ಇರಬೇಕು. ಹಗಲು ಸ್ವಿಚ್ ಆರಿಸಬೇಡಿ.

ಮುಂಜಾನೆ, ಮುಸ್ಸಂಜೆ ಹೊಳೆ ದಂಡೆಯ ಪೊದೆಗಳ ಕಡೆ ವಾಕಿಂಗ್ ಬೇಡ, ಕರಡಿಗಳು ಆ ಮರೆಯಲ್ಲೇ ಊರಿಗೆ ಬರುತ್ತವೆ. ನೀರಿನ ಸದ್ದಿನಲ್ಲಿ ಗಂಟೆ ಕೇಳಿಸುವುದೂ ಇಲ್ಲ. ವಸಂತದಲ್ಲಿ ಯಾರಾದರೂ ಕಳಲೆ ಕೀಳಲು ಕರೆದರೆ ದಯವಿಟ್ಟು ಹೋಗಬೇಡಿ. 2016ರಲ್ಲಿ ಕಾಜುನೋದಲ್ಲೇ ಹಾಗೆ ಹೋದ ನಾಲ್ವರು ಕರಡಿ ದಾಳಿಯಲ್ಲಿ ಸತ್ತರು.

ಕರಡಿ ಎದುರಾದರೆ ಓಡಬೇಡಿ, ಮರ ಹತ್ತಬೇಡಿ. ಮರ ಹತ್ತುವುದರಲ್ಲಿ ಅದು ನಮಗಿಂತ ಚುರುಕು. ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಮರಿ ಕಂಡರೆ ತಾಯಿ ಹತ್ತಿರವೇ ಇದೆ ಅಂತಲೇ ತಿಳಿಯಿರಿ, ಫೋಟೋಗೆ ನಿಲ್ಲಬೇಡಿ. ಕರಡಿ ಸ್ಪ್ರೇ (ಕರಡಿಗೆ ಹೊಡೆಯುವ ಖಾರದ ಸ್ಪ್ರೇ) ಬ್ಯಾಗಿನೊಳಗೆ ಇದ್ದರೆ ಉಪಯೋಗವಿಲ್ಲ, ಸೊಂಟದಲ್ಲಿ ಇರಬೇಕು. ಕೆಲವೇ ಮೀಟರ್ ಹತ್ತಿರ ಬಂದ ಮೇಲೆ ಮುಖಕ್ಕೆ ಹೊಡೆಯಬೇಕು. ಮೇಲೆ ಬಿದ್ದೇ ಬಿಟ್ಟರೆ ಬೋರಲು ಮಲಗಿ, ಎರಡೂ ಕೈ ಕುತ್ತಿಗೆ ಹಿಂದೆ ಹೆಣೆದು, ಮುಖ ನೆಲಕ್ಕೆ ಒತ್ತಿ. ಇಲ್ಲಿ ಹೆಚ್ಚಿನವರಿಗೆ ಗಾಯ ಆಗುವುದು ಮುಖಕ್ಕೇ. ಇದನ್ನು ಮಕ್ಕಳಿಗೂ ಮನೆಯಲ್ಲಿ ಮಾಡಿಸಿ ತೋರಿಸಿ.

ಊರೊಳಗೆ ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಪೊಲೀಸರ ನಂಬರ್ 110ಕ್ಕೆ ಫೋನ್ ಮಾಡಿ. ಹಣ್ಣು ಕೀಳಲು ಆಳು ಸಿಗದಿದ್ದರೆ ಪುರಸಭೆಯಲ್ಲಿ ವಿಚಾರಿಸಿ, ಮರ ಕಡಿಸಲು ಹಣ ಕೊಡುವ ಊರುಗಳೂ ಇವೆ. ಮರ ಎಷ್ಟು ಎತ್ತರ ಇದೆ, ಪಕ್ಕದ ಮನೆ ಖಾಲಿಯಾ ಅಂತ ಇಲ್ಲೇ ಬರೆಯಿರಿ. ಖಾಲಿ ಮನೆಯಲ್ಲೂ ಕಾಕಿ ಮರ ಇದ್ದರೆ ಅದರ ಬಗ್ಗೆಯೂ ಪುರಸಭೆಯವರಿಗೆ ಹೇಳಬೇಕಾಗುತ್ತದೆ.