ಹಳೇ ಮನೆಗೆ ಎರಡನೇ ಬಾತ್‌ರೂಮ್: ಜಾಗ ಗೊತ್ತುಮಾಡುವ ಮುಂಚೆ ಚೇಂಬರ್ ನೋಡಿ

ನಿಮ್ಮ ಪ್ರಶ್ನೆ ಇದು: ಒಂದೇ ಅಂತಸ್ತಿನ ಮನೆ, 1980ರ ಸುಮಾರಿಗೆ ಕಟ್ಟಿದ್ದು. ಐದು ಜನಕ್ಕೆ ಹಿಂದುಗಡೆ ಒಂದೇ ಬಚ್ಚಲುಮನೆ. ತಾಯಿಗೆ ಮಂಡಿನೋವು, ರಾತ್ರಿ ಅಷ್ಟು ದೂರ ನಡೆಯೋದು ಕಷ್ಟ. ಅವರು ಮಲಗುವ ಮುಂದಿನ ರೂಮಿನ ಮೂಲೆಯಲ್ಲೇ ಇನ್ನೊಂದು ಬಾತ್‌ರೂಮ್ ಕಟ್ಟಿಸಬಹುದಾ, ಹಳೇ ಗೋಡೆ ತಡೆಯುತ್ತದಾ?

ಇನ್ನೊಂದು ಬಾತ್‌ರೂಮ್ ಖಂಡಿತ ಕಟ್ಟಿಸಬಹುದು. ಹುಷಾರಾಗಿ ಕೆಲಸ ಮಾಡಿದರೆ ಗೋಡೆಯೂ ತಡೆಯುತ್ತದೆ. ಆದರೆ ಜಾಗ ಗೊತ್ತುಮಾಡುವ ಮುಂಚೆ ಹಿತ್ತಲಿನ ಚೇಂಬರ್ (ಕಮೋಡು, ಬಚ್ಚಲಿನ ಪೈಪುಗಳು ಬಂದು ಸೇರುವ ಗುಂಡಿ) ಮುಚ್ಚಳ ತೆಗೆಸಿ, ಅದು ಎಷ್ಟು ಆಳ ಇದೆ ಅಂತ ಅಳೆಸಿ. ಟೈಲ್ಸ್, ಕಮೋಡ್, ಶವರ್ ಎಲ್ಲ ಆಮೇಲಿನ ಮಾತು.

ಮೈಸೂರಿನಲ್ಲಿ ನಮ್ಮ ಮಾವನವರು 1976ರಲ್ಲಿ ಕಟ್ಟಿಸಿದ ಮನೆಗೆ ನಾವೂ ಇದೇ ಕೆಲಸ ಮಾಡಿಸಿದೆವು. ಅತ್ತೆಯವರಿಗೆ ಸೊಂಟದ ಆಪರೇಷನ್ ಆಗಿತ್ತು. ಬಚ್ಚಲಿಗೆ ಹೋಗಬೇಕಾದರೆ ಅಡುಗೆಮನೆ ದಾಟಿ, ಎರಡು ಮೆಟ್ಟಿಲು ಇಳಿಯಬೇಕಿತ್ತು. ಅವರ ರೂಮೂ ಮುಂದುಗಡೆಯೇ ಇತ್ತು. ಅಲ್ಲೇ ಮೂಲೆಯಲ್ಲಿ ಮಾಡಿಬಿಡೋಣ ಅಂತ ಮನೆಯವರೆಲ್ಲ ಹೇಳಿದರು. ನಮ್ಮ ಮೇಸ್ತ್ರಿ ಮಾತ್ರ ಸೀದಾ ಹಿತ್ತಲಿಗೆ ಹೋಗಿ ಚೇಂಬರಿನ ಕಲ್ಲು ಎತ್ತಿಸಿದರು.

ಯಾಕೆ ಅಂದರೆ ಕಮೋಡಿನ ಪೈಪಿಗೆ ವಾಟ ಬೇಕು. 110 ಎಂಎಂ ಪೈಪಿಗೆ ಸಾಮಾನ್ಯವಾಗಿ 40 ಅಡಿಗೆ ಒಂದಡಿ ಇಳಿಜಾರು ಇಡುತ್ತಾರೆ, ಅಂದರೆ ಹತ್ತಡಿಗೆ 3 ಇಂಚು. ನಿಮ್ಮ ಮುಂದಿನ ಮೂಲೆಯಿಂದ ಚೇಂಬರಿಗೆ 30 ಅಡಿ ಇದೆ ಅಂದುಕೊಳ್ಳಿ. ವಾಟಕ್ಕೇ 9 ಇಂಚು ಹೋಯಿತು. ಪೈಪು ಶುರುವಾಗುವುದೇ ನೆಲದಿಂದ ಸುಮಾರು ಒಂದಡಿ ಕೆಳಗೆ. ಎರಡೂ ಸೇರಿದರೆ 21 ಇಂಚು. ರೂಮಿನ ನೆಲದ ಮಟ್ಟದಿಂದ ಅಳೆದಾಗ ಚೇಂಬರಿನ ತಳ ಅದಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಯಾರು ಎಷ್ಟು ಚೆನ್ನಾಗಿ ಕಟ್ಟಿದರೂ ಪೈಪು ಪದೇಪದೇ ಕಟ್ಟಿಕೊಳ್ಳುತ್ತದೆ.

ಇದನ್ನು ಅಳೆಯೋಕೆ ದೊಡ್ಡ ಯಂತ್ರ ಏನೂ ಬೇಡ. ಗಾರೆಯವರ ಹತ್ತಿರ ಪಾರದರ್ಶಕವಾದ ಉದ್ದನೆ ಟ್ಯೂಬ್ ಇರುತ್ತದೆ. ಅದಕ್ಕೆ ಗುಳ್ಳೆ ಇಲ್ಲದ ಹಾಗೆ ನೀರು ತುಂಬುತ್ತಾರೆ. ಒಬ್ಬರು ಒಂದು ತುದಿಯನ್ನು ರೂಮಿನ ಗೋಡೆಗೆ ಹಿಡಿಯುತ್ತಾರೆ, ಇನ್ನೊಬ್ಬರು ಇನ್ನೊಂದು ತುದಿಯನ್ನು ಚೇಂಬರ್ ಪಕ್ಕ ಹಿಡಿಯುತ್ತಾರೆ. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಎಷ್ಟು, ಚೇಂಬರಿನ ತಳಕ್ಕೆ ಎಷ್ಟು ಅಂತ ಟೇಪು ಹಿಡಿದರೆ ಲೆಕ್ಕ ಸಿಕ್ಕಿಬಿಡುತ್ತದೆ. ಹಾಗೇ ಹಳೇ ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿದು, ಚೇಂಬರಿಗೆ ಹೇಗೆ ಬರುತ್ತದೆ ನೋಡಿ. ತಡವಾಗಿ, ಎಳೆಎಳೆಯಾಗಿ ಬಂದರೆ ಹಳೇ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನಲ್ಲಿ ಬೇರು ಹೊಕ್ಕಿರಬಹುದು, ಇಲ್ಲವೇ ಒಡೆದಿರಬಹುದು. ಹೊಸದನ್ನು ಅದಕ್ಕೆ ಸೇರಿಸುವ ಮುಂಚೆ ಅದನ್ನು ಸರಿಮಾಡಿಸಿ.

ನಮ್ಮ ಮನೆಯಲ್ಲಿ ಮುಂದಿನ ಮೂಲೆಗೆ ಲೆಕ್ಕ ಕೂಡಿಬರಲಿಲ್ಲ. ಮೇಲಾಗಿ ಅಲ್ಲಿಂದ ಪೈಪು ತರಬೇಕಾದರೆ ನಡುಮನೆಯ ರೆಡ್ ಆಕ್ಸೈಡ್ ನೆಲ ಉದ್ದಕ್ಕೂ ಒಡೆಯಬೇಕಿತ್ತು. ಆ ನೆಲಕ್ಕೆ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ. ಅದಕ್ಕೇ ರೂಮನ್ನೇ ಬದಲಾಯಿಸಿದೆವು. ಅತ್ತೆಯವರನ್ನು ಹಳೇ ಬಚ್ಚಲಿನ ಗೋಡೆಗೆ ಅಂಟಿಕೊಂಡಿದ್ದ ಹಿಂದಿನ ರೂಮಿಗೆ ತಂದು, ಅದರೊಳಗೆ ಐದಡಿಗೆ ಏಳಡಿ ಜಾಗ ತೆಗೆದೆವು. ಚೇಂಬರ್ ಅದೇ, ನೀರಿನ ಲೈನೂ ಅದೇ. ಪೈಪು ಹತ್ತಡಿಯೂ ಓಡಲಿಲ್ಲ. ನಿಮಗೂ ನಾನು ಹೇಳೋದು ಇದೇ: ಅಮ್ಮ ಇರುವ ಕಡೆ ಬಾತ್‌ರೂಮ್ ತರುವುದಕ್ಕಿಂತ, ಬಾತ್‌ರೂಮ್ ಆಗುವ ಕಡೆ ಅಮ್ಮನ ಮಂಚ ತರೋಕಾಗುತ್ತದಾ ಅಂತ ಮೊದಲು ಯೋಚಿಸಿ. ಹಾಗೇ, ರೂಮು ಬದಲಾಯಿಸೋದಕ್ಕೆ ಅವರ ಮನಸ್ಸಿದೆಯಾ ಅಂತ ಅವರನ್ನೇ ಕೇಳಿ. ಕಿಟಕಿಯಿಂದ ಬೀದಿ ನೋಡುತ್ತಾ ಕೂತವರಿಗೆ ಹಿಂದಿನ ರೂಮು ಬೇಜಾರಾಗಬಹುದು. ನಮ್ಮತ್ತೆ ಹಿತ್ತಲಿನ ಸೀಬೆಗಿಡ ಕಾಣುತ್ತದೆ ಅಂತ ಒಪ್ಪಿದರು.

ಯುಜಿಡಿ (ಊರಿನ ಒಳಚರಂಡಿ) ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಇದ್ದರೆ, ಎರಡನೇ ಬಾತ್‌ರೂಮಿಗೆ ಎರಡನೇ ಟ್ಯಾಂಕ್ ಬೇಕು ಅಂತ ಕೆಲವರು ಹೆದರಿಸುತ್ತಾರೆ. ಬೇಕಾಗಿಲ್ಲ. ಟ್ಯಾಂಕಿನ ಅಳತೆ ಜನರ ಲೆಕ್ಕದ ಮೇಲೆ, ಕಮೋಡಿನ ಲೆಕ್ಕದ ಮೇಲಲ್ಲ. ಇರುವ ಟ್ಯಾಂಕ್ ಐದು ಜನಕ್ಕೆ ಸಾಕಾಗುತ್ತಿದ್ದರೆ ಮುಂದೆಯೂ ಸಾಕು. ಇಂಗುಗುಂಡಿ ಹೊಸದಾಗಿ ತೆಗೆಸುವುದಾದರೆ ಮಾತ್ರ ಬಾವಿ, ಬೋರ್‌ವೆಲ್‌ನಿಂದ 60 ಅಡಿಯಾದರೂ ದೂರ ಇರಲಿ. ಟ್ಯಾಂಕ್ ಖಾಲಿ ಮಾಡಿಸಬೇಕಾದರೆ ಸಕ್ಕಿಂಗ್ ಲಾರಿಯನ್ನೇ ಕರೆಸಿ. ಯಾರನ್ನೂ ಒಳಗೆ ಇಳಿಸಬೇಡಿ, ಅವರೇ ಇಳಿಯುತ್ತೇವೆ ಅಂದರೂ ಬೇಡ. ಒಳಗಿನ ಗಾಳಿಗೆ ಎಷ್ಟೋ ಜನ ಪ್ರಾಣ ಬಿಟ್ಟಿದ್ದಾರೆ. ಮಲಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸುವುದು ಅಪರಾಧ ಕೂಡ.

ಇನ್ನು ಗೋಡೆ. ಆ ಕಾಲದ ಮನೆಗಳಲ್ಲಿ ಪಿಲ್ಲರ್ ಇರುವುದು ಕಡಿಮೆ. 9 ಇಂಚಿನ ಗೋಡೆಯೇ ಸೂರನ್ನು ಹೊತ್ತಿರುತ್ತದೆ. ಅದರಲ್ಲಿ ಹೊಸ ಬಾಗಿಲು ತೆಗೆಯುವುದಾದರೆ ಮೇಲೆ ಲಿಂಟಲ್ (ಭಾರ ಹೊರುವ ಅಡ್ಡತೊಲೆ) ಕೂರಬೇಕು, ಎರಡೂ ಕಡೆ ಆರಾರು ಇಂಚಾದರೂ ಗೋಡೆ ಮೇಲೆ ಒರಗಬೇಕು. ಅದು ಗಟ್ಟಿಯಾಗುವವರೆಗೆ ಆನಿಕೆ ಕೊಡಬೇಕು. ಪ್ಲಂಬರ್‌ಗಳು ಕಟಿಂಗ್ ಮೆಷಿನ್ ಹಿಡಿದು ಗೋಡೆಗೆ ಅಡ್ಡಡ್ಡ ಗಾಡಿ (ಪೈಪು ಹುಗಿಯುವ ಸೀಳು) ಕೊರೆಯುತ್ತಾರಲ್ಲ, ಅದಕ್ಕೆ ಬಿಡಬೇಡಿ. ಮೇಲಿಂದ ಕೆಳಗೆ ಕೊರೆದರೆ ಗೋಡೆ ದಪ್ಪದ ಮೂರನೇ ಒಂದು ಭಾಗದವರೆಗೆ ಪರವಾಗಿಲ್ಲ. ಅಡ್ಡಕ್ಕಾದರೆ ಆರನೇ ಒಂದು ಭಾಗ, ಅಂದರೆ ಒಂದೂವರೆ ಇಂಚು, ಅಷ್ಟೇ. ಒಂದು ಕಡೆ ಪ್ಲಾಸ್ಟರ್ ಕೆರೆದು, ಇಟ್ಟಿಗೆ ಸಂದಿಗೆ ಮೊಳೆ ಚುಚ್ಚಿ ನೋಡಿ. ಮಣ್ಣು ಉದುರಿದರೆ ಅದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ. ಅಂಥ ಗೋಡೆಗೆ ಪೈಪು ಹುಗಿಯಲೇಬೇಡಿ, ಕ್ಲ್ಯಾಂಪ್ ಹಾಕಿ ಹೊರಗಡೆಯಿಂದ ತನ್ನಿ. ನೋಡೋಕೆ ಚೆನ್ನಾಗಿರಲ್ಲ, ಆದರೆ ಸೋರಿದರೆ ಕಣ್ಣಿಗೆ ಕಾಣುತ್ತದೆ.

ಅಳತೆಗೆ ಬಂದರೆ, ಸ್ನಾನ ಮತ್ತು ಕಮೋಡ್ ಒಟ್ಟಿಗೆ ಇರುವ ಕಡೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕನಿಷ್ಠ 2.8 ಚದರ ಮೀಟರ್ ಕೇಳುತ್ತದೆ, ಅಂದರೆ ಹೆಚ್ಚುಕಡಿಮೆ 30 ಚದರ ಅಡಿ. ವಯಸ್ಸಾದವರ ಜೊತೆ ಇನ್ನೊಬ್ಬರು ನಿಲ್ಲಬೇಕಾಗುತ್ತದೆ ಅಲ್ವಾ, ಹಾಗಾಗಿ ಸ್ವಲ್ಪ ಜಾಸ್ತಿಯೇ ಇರಲಿ. ಹೊರಗೋಡೆಗೆ ಒಂದು ಕಿಟಕಿ ಬರಲೇಬೇಕು. ಹೊರಗಡೆ ಸೆಟ್‌ಬ್ಯಾಕಿನಲ್ಲಿ (ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ) ಕಟ್ಟುವ ಆಲೋಚನೆ ಇದ್ದರೆ ಮೊದಲು ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ವಿಚಾರಿಸಿ.

ದುಡ್ಡು ಉಳಿಸಲೇಬಾರದ ಕೆಲಸ ಅಂದರೆ ವಾಟರ್‌ಪ್ರೂಫಿಂಗ್. ಹಳೇ ಗೋಡೆ ಒಂದು ಸಲ ನೀರು ಕುಡಿಯೋಕೆ ಶುರುಮಾಡಿದರೆ ಪಕ್ಕದ ರೂಮಿನ ಸುಣ್ಣಬಣ್ಣ ಎಲ್ಲ ಏಳುತ್ತದೆ. ನೆಲಕ್ಕೆ ಕಾಂಕ್ರೀಟ್ ಹಾಕಿ, ಪೈಪು ಕೂರಿಸಿ, ಮೂಲೆಗಳನ್ನು ಗುಂಡಗೆ ಗಾರೆ ಮಾಡಿ, ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆಯಬೇಕು. ಗೋಡೆಗೆ ಒಂದಡಿ ಎತ್ತರ, ಸ್ನಾನದ ಜಾಗದಲ್ಲಿ ಆಳೆತ್ತರ. ಒಣಗಿದ ಮೇಲೆ ನೆಲದ ನೀರು ಹೊರಹೋಗುವ ಟ್ರ್ಯಾಪಿನ ಬಾಯಿ ಕಟ್ಟಿ, ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೀಟು ಎಳೆಯಿರಿ. ಎರಡು ದಿನ ಹಾಗೇ ಬಿಡಿ. ಗೀಟಿನಿಂದ ನೀರು ಚೂರುಪಾರು ಇಳಿಯುವುದು ಸಹಜ, ಬಿಸಿಲುಗಾಲದಲ್ಲಿ ಆರುತ್ತದೆ. ಬೆರಳಗಲ ಇಳಿದಿದ್ದರೆ, ಅಥವಾ ಆಚೆ ಕಡೆ ಗೋಡೆಯ ಬುಡ ಕೈಗೆ ತಣ್ಣಗೆ ತೇವ ಹತ್ತಿದರೆ ಟೈಲ್ಸ್ ಕೆಲಸ ನಿಲ್ಲಿಸಿ. ಟೈಲ್ಸ್ ಕೂತಮೇಲೆ ಆ ಸೋರಿಕೆ ಹುಡುಕೋದು ಬಹಳ ಕಷ್ಟ.

ವಾಸನೆ ಬರಬಾರದು ಅಂದರೆ ನೆಲದ ಆ ಟ್ರ್ಯಾಪಿನಲ್ಲಿ (ನಹಾನಿ ಟ್ರ್ಯಾಪ್) ಯಾವಾಗಲೂ ಎರಡು ಇಂಚು ನೀರು ನಿಂತಿರಬೇಕು, ಕಮೋಡಿನ ಲೈನಿಗೆ ಸೂರಿನ ಮೇಲಕ್ಕೆ ಒಂದು ಗಾಳಿ ಪೈಪು ಇರಬೇಕು. ನೀರಿನ ಹಳೇ ಜಿಐ (ಕಬ್ಬಿಣದ) ಪೈಪು ಒಳಗೆ ತುಕ್ಕು ಹಿಡಿದು ಕಿರಿದಾಗಿರುತ್ತದೆ, ನೀರಿನ ಟ್ಯಾಂಕಿನಿಂದಲೇ ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಎಳೆಸಿ. ಗೀಸರಿಗೆ ಬೇರೆ ಕರೆಂಟ್ ಲೈನ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯುವ ಸ್ವಿಚ್) ಇರಲಿ. ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗೆ ಹಾಕಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಸ್ನಾನಕ್ಕೆ ಹೋದವರು ಹಾಗೇ ಕುಸಿದುಬೀಳುತ್ತಾರೆ.

ಕಡೆಯದಾಗಿ ನಿಮ್ಮ ತಾಯಿಯವರ ವಿಷಯ. ಬಾಗಿಲು ಮೂರಡಿ ಅಗಲ ಇರಲಿ, ಹೊರಗಡೆಗೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಗೆ ತೆರೆಯುವ ಬಾಗಿಲು ತಳ್ಳೋಕಾಗಲ್ಲ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಿರಲಿ. ಹೊಸ್ತಿಲು ಬೇಡ, ನೆಲ ರೂಮಿಗಿಂತ ಅರ್ಧ ಇಂಚು ಕೆಳಗಿದ್ದರೆ ಸಾಕು. ಕಮೋಡನ್ನು ಹಳೇ 9 ಇಂಚಿನ ಗೋಡೆ ಪಕ್ಕದಲ್ಲೇ ಕೂರಿಸಿ. ಹೊಸದಾಗಿ ಕಟ್ಟುವ 4 ಇಂಚಿನ ಹಗುರ ಬ್ಲಾಕಿನ ಗೋಡೆಯಲ್ಲಿ ಹಿಡಿಕೆಯ ಸ್ಕ್ರೂ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ, ಅವರು ಮೈಭಾರ ಪೂರ್ತಿ ಹಾಕುವುದು ಅದರ ಮೇಲೇ. ಹಿಡಿಕೆಯ ಎತ್ತರವನ್ನು ಪ್ಲಂಬರ್ ಅಂದಾಜಿಗೆ ಬಿಡಬೇಡಿ. ಕಮೋಡ್ ಎತ್ತರದ ಒಂದು ಸ್ಟೂಲನ್ನು ಆ ಗೋಡೆ ಪಕ್ಕ ಇಟ್ಟು, ತಾಯಿಯವರನ್ನು ಕೂರಿಸಿ, ಏಳೋದಕ್ಕೆ ಹೇಳಿ. ಅವರ ಕೈ ಗೋಡೆ ಮೇಲೆ ಎಲ್ಲಿ ಆಸರೆ ಹುಡುಕುತ್ತದೋ ಅಲ್ಲಿ ಗುರುತು ಹಾಕಿ. ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಕಾಣುವ ಹಾಗೆ ಟೇಪು ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಟೈಲ್ಸ್ ಆದಮೇಲೆ ಡ್ರಿಲ್ ಹಾಕುವವರಿಗೆ ಆ ಫೋಟೊ ಬೇಕಾಗುತ್ತದೆ.