ಉಗುರಿನ ಕಪ್ಪು ಗೆರೆ, ಒಣಗದ ಹುಣ್ಣು: ಚರ್ಮದ ಕ್ಯಾನ್ಸರ್ ಕುರಿತು ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನನಗೆ 52 ವರ್ಷ. ಕಾಲಿನ ಹೆಬ್ಬೆರಳಿನ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಕಪ್ಪು ಗೆರೆ ಮೂಡಿದೆ. ನೋವಿಲ್ಲ. ಎಡವಿದ್ದರಿಂದ ರಕ್ತ ಹೆಪ್ಪುಗಟ್ಟಿರಬಹುದೆ? ಮೈಬಣ್ಣ ಕಪ್ಪಿರುವವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಅನ್ನುತ್ತಾರಲ್ಲ?

ಉತ್ತರ: ಕಡಿಮೆ, ಆದರೆ ಬರುವುದೇ ಇಲ್ಲ ಎಂದಲ್ಲ. ಕಪ್ಪು ಚರ್ಮದವರಲ್ಲಿ ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲೇ ತಾಗದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದೂ ಕಾಲ್ಬೆರಳಿನ ಉಗುರಿನಡಿಯ ಮೆಲನೋಮಾವೇ. ಮೊದಲು ಅದನ್ನು ಫುಟ್ಬಾಲ್ ಆಟದ ಗಾಯ ಎಂದುಕೊಂಡಿದ್ದರು.

ಪೆಟ್ಟಿನ ರಕ್ತವಾದರೆ ಕಲೆ ಉಗುರಿನ ಜೊತೆಗೇ ಮುಂದೆ ಸರಿಯುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು 1.5 ಮಿ.ಮೀ. ಬೆಳೆಯುವುದರಿಂದ ಎರಡು ತಿಂಗಳಲ್ಲಿ ಬುಡದ ಕಡೆ 3 ಮಿ.ಮೀ.ನಷ್ಟು ಶುಭ್ರ ಉಗುರು ಕಾಣಬೇಕು. ಬುಡದಿಂದಲೇ ಹೊರಡುವ ಗೆರೆ ಹಾಗೆ ಸರಿಯುವುದಿಲ್ಲ. ಅಲ್ಲಿನ ಜೀವಕೋಶಗಳು ಬಣ್ಣ ಸುರಿಸುತ್ತಲೇ ಇರುತ್ತವೆ. ಹಲವು ಉಗುರುಗಳಲ್ಲಿ ತೆಳು ಗೆರೆಗಳಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಒಂದೇ ಉಗುರಿನಲ್ಲಿ, ಐವತ್ತು ದಾಟಿದ ಮೇಲೆ ಹೊಸದಾಗಿ ಬಂದದ್ದು, 3 ಮಿ.ಮೀ.ಗಿಂತ ಅಗಲವಾದದ್ದು, ಪಕ್ಕದ ಚರ್ಮಕ್ಕೂ ಕಪ್ಪು ಹಬ್ಬಿದ್ದು ಅನುಮಾನಾಸ್ಪದ. ನೀವು ಎರಡು ತಿಂಗಳು ಕಾಯಬೇಡಿ, ಈ ವಾರವೇ ಚರ್ಮತಜ್ಞರಿಗೆ ತೋರಿಸಿ. ನೇಲ್ ಪಾಲಿಶ್ ಇದ್ದರೆ ತೆಗೆದು ಹೋಗಿ.

ಪ್ರಶ್ನೆ: ತಾಯಿಯ ಕಾಲಿನಲ್ಲಿ ಹಳೆಯ ಸುಟ್ಟ ಕಲೆ ಇದೆ. ಅದರ ಮೇಲೆ ಎದ್ದ ಹುಣ್ಣು ಮೂರು ತಿಂಗಳಾದರೂ ಒಣಗಿಲ್ಲ. ಮುಲಾಮು ಬದಲಿಸಬೇಕೆ?

ಉತ್ತರ: ಮುಲಾಮು ಬದಲಿಸಿ ಪ್ರಯೋಜನವಿಲ್ಲ, ಈಗ ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಲ್ಯಾಬ್‌ನಲ್ಲಿ ಪರೀಕ್ಷಿಸುವುದು) ಬೇಕು. ಸುಟ್ಟ ಕಲೆ, ವರ್ಷಗಟ್ಟಲೆ ಕೀವು ಸೋರುವ ಗಾಯಗಳಲ್ಲಿ ದಶಕಗಳ ನಂತರವೂ ಚರ್ಮದ ಮೇಲ್ಪದರದ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಹುಟ್ಟಬಹುದು. ಅಂಚು ದಪ್ಪಗೆ ಉಬ್ಬುವುದು, ಮುಟ್ಟಿದರೆ ರಕ್ತ ಒಸರುವುದು, ದುರ್ವಾಸನೆ ಇದರ ಲಕ್ಷಣಗಳು. ಚೂರನ್ನು ಹುಣ್ಣಿನ ಅಂಚಿನಿಂದಲೂ ತೆಗೆಯಬೇಕು. ನಡುವಿನ ಸತ್ತ ಭಾಗವನ್ನಷ್ಟೇ ತೆಗೆದರೆ ರೋಗ ತಪ್ಪಿಹೋಗುವ ಸಂಭವವಿದೆ. ರೋಗ ಹಬ್ಬಿದೆಯೇ ಎಂದು ತಿಳಿಯಲು ತೊಡೆಸಂದಿಯಲ್ಲಿ ಗಂಟು ಇದೆಯೇ ಎಂದೂ ವೈದ್ಯರು ನೋಡುತ್ತಾರೆ.

ಪ್ರಶ್ನೆ: ಬೆನ್ನಿನ ಮಚ್ಚೆ ದೊಡ್ಡದಾಗುತ್ತಿದೆ. ಬ್ಯೂಟಿ ಪಾರ್ಲರ್‌ನಲ್ಲಿ ಲೇಸರ್‌ನಿಂದ ತೆಗೆಸಬಹುದೆ?

ಉತ್ತರ: ಖಂಡಿತ ಬೇಡ. ಎರಡು ಅರ್ಧಗಳು ಹೊಂದದಿರುವುದು, ಅಂಚು ಚದುರಿರುವುದು, ಒಂದಕ್ಕಿಂತ ಹೆಚ್ಚು ಬಣ್ಣ, 6 ಮಿ.ಮೀ.ಗಿಂತ ಹೆಚ್ಚು ಅಗಲ, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಿರುವುದು: ಇವು ಎಚ್ಚರಿಕೆಗಳು. ಮೆಲನೋಮಾ ಆಗಿದ್ದರೆ ಮುಂದಿನ ಚಿಕಿತ್ಸೆ ನಿರ್ಧಾರವಾಗುವುದು ಅದು ಎಷ್ಟು ಮಿ.ಮೀ. ಆಳಕ್ಕೆ ಇಳಿದಿದೆ ಎಂಬುದರ ಮೇಲೆ. ಲೇಸರ್‌ನಲ್ಲಿ ಸುಟ್ಟ ಮಚ್ಚೆಯಲ್ಲಿ ಆ ಆಳವನ್ನು ಅಳೆಯಲು ಏನೂ ಉಳಿದಿರುವುದಿಲ್ಲ. ಇಡೀ ಮಚ್ಚೆಯನ್ನು ಸುತ್ತಲಿನ ಒಂದೆರಡು ಮಿ.ಮೀ. ಚರ್ಮದೊಂದಿಗೆ ಕತ್ತರಿಸಿ ಲ್ಯಾಬ್‌ಗೆ ಕಳಿಸುವುದೇ ಸರಿಯಾದ ಕ್ರಮ.