ಸಣ್ಣ ಹರಳಿನ ಉಕ್ಕು

ಪ್ರಶ್ನೆ: ಬೈಕಂಪಾಡಿಯ ನಮ್ಮ ವರ್ಕ್‌ಶಾಪಿಗೆ ಬಂದ ಜರ್ಮನ್ ಡ್ರಾಯಿಂಗ್ ಒಂದರಲ್ಲಿ ಉಕ್ಕಿನ ಪ್ಲೇಟಿಗೂ ಅಡಿಪಾಯದ ಮಣ್ಣಿಗೂ ‘ಫೈನ್‌ಕ್ಯೋರ್ನಿಶ್’ ಎಂಬ ಒಂದೇ ವಿಶೇಷಣವಿದೆ. ಇದರ ಅರ್ಥವೇನು? ವೆಲ್ಡಿಂಗ್ ಮಾಡುವಾಗ ಏನನ್ನು ಗಮನಿಸಬೇಕು?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಸಣ್ಣ ಕಣಗಳುಳ್ಳದ್ದು ಎಂದು ಅರ್ಥ. ಆದರೆ ಮಣ್ಣಿನ ಕಣವೂ ಉಕ್ಕಿನ ಕಣವೂ ಒಂದೇ ಬಗೆಯವಲ್ಲವಾದ್ದರಿಂದ ಎರಡನ್ನೂ ಬೇರೆಬೇರೆಯಾಗಿಯೇ ತಿಳಿಯಬೇಕು.

ಜರ್ಮನಿಯ ಡಿಐಎನ್ 18196 ಮಾನಕದ ಪ್ರಕಾರ, 0.063 ಮಿಲಿಮೀಟರಿಗಿಂತ ಸಣ್ಣ ಕಣಗಳು ತೂಕದಲ್ಲಿ ಶೇಕಡಾ 40ಕ್ಕಿಂತ ಹೆಚ್ಚಿರುವ ಮಣ್ಣು ಈ ವರ್ಗಕ್ಕೆ ಸೇರುತ್ತದೆ. ಮಂಗಳೂರು ಹಂಚಿಗೆ ಒದಗಿಬಂದ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ನೆನೆದರೆ ಇದರ ಸ್ವಭಾವ ತಿಳಿಯುತ್ತದೆ. ನೀರು ನಿಧಾನವಾಗಿ ಬಸಿಯುವ ಇಂಥ ಮಣ್ಣು ಕಟ್ಟಡದ ಭಾರಕ್ಕೆ ಬಹುಕಾಲ ಕುಸಿಯುತ್ತಲೇ ಇರಬಹುದು. ಆದ್ದರಿಂದ ಅಡಿಪಾಯದ ಮಟ್ಟಿಗೆ ಆ ಪದ ಒಂದು ಎಚ್ಚರಿಕೆ.

ಉಕ್ಕಿನಲ್ಲಿ ಅದೇ ಪದ ಗುಣಮಟ್ಟದ ಗುರುತು. ಇಲ್ಲಿ ಕಣವೆಂದರೆ, ಲೋಹದ ತುಂಡನ್ನು ಹೊಳಪುಗೊಳಿಸಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾಣುವ ಹರಳು. ಲೋಹ ಬಾಗುವಾಗ ಹರಳಿನೊಳಗೆ ಸರಿಯುವ ದೋಷರೇಖೆಗಳನ್ನು (ಪರಮಾಣುಗಳ ಜೋಡಣೆ ತಪ್ಪಿರುವ ಗೆರೆಗಳನ್ನು) ಹರಳುಗಳ ನಡುವಿನ ಗಡಿಗಳು ತಡೆಯುತ್ತವೆ. ಹರಳು ಸಣ್ಣದಾದಷ್ಟೂ ಗಡಿಗಳು ಹೆಚ್ಚುತ್ತವೆ, ಬಲವೂ ಏರುತ್ತದೆ. ಇದನ್ನು 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬ ವಿಜ್ಞಾನಿಗಳು ತೋರಿಸಿದರು: ಹರಳಿನ ವ್ಯಾಸ ಕಾಲು ಭಾಗಕ್ಕೆ ಇಳಿದರೆ, ಗಡಿಗಳಿಂದ ದೊರೆಯುವ ಬಲ ಇಮ್ಮಡಿಯಾಗುತ್ತದೆ. ಸಾಮಾನ್ಯವಾಗಿ ಉಕ್ಕಿನ ಬಲ ಹೆಚ್ಚಿಸಿದರೆ ಅದು ಪೆಡಸಾಗುತ್ತದೆ. ಹರಳನ್ನು ಕಿರಿದಾಗಿಸಿದರೆ ಮಾತ್ರ ಬಲವೂ, ಬಿರುಕನ್ನು ತಾಳುವ ಶಕ್ತಿಯೂ ಒಟ್ಟಿಗೇ ಹೆಚ್ಚುತ್ತವೆ. ಲೋಹಶಾಸ್ತ್ರದಲ್ಲಿ ಇಷ್ಟು ಉಪಕಾರಿಯಾದ ಉಪಾಯ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಅಲ್ಯೂಮಿನಿಯಂ, ನಯೋಬಿಯಂ, ವನೇಡಿಯಂ ಅಥವಾ ಟೈಟಾನಿಯಂ ಅನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದಾಗ ಉಂಟಾಗುವ ಅತಿಸೂಕ್ಷ್ಮ ಸಂಯುಕ್ತಗಳು ಹರಳು ಬೆಳೆಯದಂತೆ ಹಿಡಿದಿಡುತ್ತವೆ. ನಿಮ್ಮ ಡ್ರಾಯಿಂಗಿನಲ್ಲಿ ಎಸ್355ಎನ್ ಎಂದಿದ್ದರೆ ಅದು ಈ ಜಾತಿಯ ಉಕ್ಕು. 16 ಮಿಲಿಮೀಟರ್ ದಪ್ಪದವರೆಗಿನ ಪ್ಲೇಟಿನಲ್ಲಿ ಅದರ ಕನಿಷ್ಠ ಇಳುವು ಬಲ, ಅಂದರೆ ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ, 355 ಮೆಗಾಪಾಸ್ಕಲ್. ಸದಾ ಅತಿ ಬಿಸಿಯಲ್ಲಿ ದುಡಿಯುವ ಭಾಗಗಳಿಗೆ ಮಾತ್ರ ದೊಡ್ಡ ಹರಳೇ ಮೇಲು.

ವೆಲ್ಡಿಂಗಿನ ಶಾಖ ಮಿತಿಮೀರಿದರೆ ಬೆಸುಗೆಯ ಅಂಚಿನ ಹರಳುಗಳು ದೊಡ್ಡದಾಗಿ, ನೀವು ಹಣ ಕೊಟ್ಟು ಪಡೆದ ಗುಣವೇ ಅಲ್ಲಿ ನಷ್ಟವಾಗುತ್ತದೆ. ಶಾಖ ತೀರಾ ಕಡಿಮೆಯಾದರೆ ದಪ್ಪ ಪ್ಲೇಟು ಬೇಗ ಆರಿ ಬಿರುಕು ಬಿಡಬಹುದು. ಆದ್ದರಿಂದ ವೆಲ್ಡಿಂಗ್ ವಿಧಾನಪತ್ರದಲ್ಲಿರುವ ಶಾಖದ ಎರಡೂ ಮಿತಿಗಳನ್ನು ಪಾಲಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಲೆಕ್ಟ್ರೋಡುಗಳು ತೇವ ಹೀರುತ್ತವೆ; ಆ ತೇವದ ಹೈಡ್ರೋಜನ್ ಬೆಸುಗೆಗೆ ಸೇರಿದರೆ ಬಿರುಕು ಬಿಡಬಹುದು. ಆದ್ದರಿಂದ ಕಡಿಮೆ ಹೈಡ್ರೋಜನ್ನಿನ ಎಲೆಕ್ಟ್ರೋಡುಗಳನ್ನೇ ಆರಿಸಿ, ತಯಾರಕರು ಹೇಳಿದ ತಾಪದಲ್ಲಿ ಓವನ್ನಿನಲ್ಲಿ ಒಣಗಿಸಿ ಬಳಸಿ.